ಆನೆ ಪಿಟೀಲಿನ ದಪ್ಪ ತಂತಿ

ಮಧುಗಿರಿಯ ಹೆಣ್ಣುಮಕ್ಕಳ ಸ್ಕೂಲಿನ ಮೇಷ್ಟ್ರಮ್ಮ ಸರ್ವಮಂಗಳಾ ಆನೆ ಪಿಟೀಲು ಕಲಿಯುತ್ತಿದ್ದಾಳೆಂದು ಬೀದಿಗೆಲ್ಲ ಗೊತ್ತಿತ್ತು. ಆಳೆತ್ತರದ ಆ ವಾದ್ಯಕ್ಕೆ ಡಬಲ್ ಬೇಸ್ ಎಂಬ ಹೆಸರಿದೆಯೆಂದು ಬಲ್ಲವರು ಇಬ್ಬರೇ: ಅವಳು, ಮತ್ತು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಮೂವತ್ತು ವರ್ಷ ಅದನ್ನು ನುಡಿಸಿ ಊರಿಗೆ ಮರಳಿದ್ದ ಬೊಮ್ಮಣ್ಣ.

ಬೊಮ್ಮಣ್ಣನ ಎಡಗೈ ಬೆರಳುಗಳು ಈಗ ಮಡಚುತ್ತಿರಲಿಲ್ಲ. ಬೆಂಗಳೂರಿನ ಬ್ಯಾಂಡಿನವರೊಬ್ಬರು ವಾದ್ಯವನ್ನು ಕೊಳ್ಳಲು ಕೇಳಿದ್ದರು. ಅದನ್ನು ಒಯ್ಯಲು ಸೋಮವಾರ ಗಾಡಿ ಬರುವುದಿತ್ತು.

"ಅಷ್ಟರೊಳಗೆ ದಪ್ಪ ತಂತೀಲಿ ಒಂದೇ ಒಂದು ಸ್ವರ ಶುದ್ಧವಾಗಿ ಎಳುದ್ಬುಡಿ ಮೇಷ್ಟ್ರಮ್ಮ. ಗಾಡಿ ಬರಿದೇ ಹೋಯ್ತದೆ," ಎಂದಿದ್ದ ಬೊಮ್ಮಣ್ಣ.

ಆ ದಿನ ಭಾನುವಾರ. ಬೊಮ್ಮಣ್ಣನ ಮನೆಯಲ್ಲಿ ಬೆಳಗಿನಿಂದ ಕಮಾನು ಎಳೆದು ಅವಳ ಭುಜ ಸೋತಿತ್ತು. ನಿಂತು, ವಾದ್ಯವನ್ನು ಮೈಗೊರಗಿಸಿಕೊಂಡು ಎಳೆದಾಗಲೆಲ್ಲ ಸ್ವರದ ಜೊತೆಗೆ ಗಿರ್ರೆಂಬ ಸದ್ದೊಂದು ಹೊರಡುತ್ತಿತ್ತು. ಕಮಾನಿಗೆ ರಾಳ ಹಚ್ಚಿದಳು. ತಂತಿ ಬಿಗಿಮಾಡಿದಳು. ಹೋಗಲಿಲ್ಲ.

"ಮರ ಸೀಳಿರಬೇಕು," ಎಂದಳು.

ಬೊಮ್ಮಣ್ಣನ ಹೆಂಡತಿ ಜಯಕ್ಕ ಬಾಗಿಲಲ್ಲಿ ರಾಗಿ ಕೇರುತ್ತಿದ್ದಳು. "ನಮ್ಮೆಜಮಾನ್ರು ನನ್ನ ತಬ್ಬಿದ್ದಕ್ಕಿಂತ ಅದನ್ನ ತಬ್ಬಿದ್ದೇ ಹೆಚ್ಚು ಕಣಮ್ಮ. ಅದ್ಯಾಕೆ ಸೀಳ್ತದೆ?"

"ಸುಮ್ಕಿರೇ. ಆ ಮೊರ ಕೆಳಗಿಡು," ಎಂದ ಬೊಮ್ಮಣ್ಣ. ಕಣ್ಣು ಮುಚ್ಚಿದ. "ಇನ್ನೊಂದು ಸಲ ಎಳೀರಿ, ತಾಯಿ."

ಎಳೆದಳು. ನಲವತ್ತು ವಾದ್ಯಗಳ ಹಿಂದೆ ನಿಂತು ಒಂದೊಂದನ್ನೂ ಬೇರೆ ಬೇರೆಯಾಗಿ ಕೇಳಿದ ಕಿವಿ ಬೊಮ್ಮಣ್ಣನದು.

"ಮರ ಅಲ್ಲ. ತಂತೀನೂ ಅಲ್ಲ. ಬೆಳ್ಳಿ."

ಅವಳ ಕೈ ಎದೆಗೆ ಹೋಯಿತು. ಸೆರಗಿನೊಳಗೆ, ಶಿವದಾರದಲ್ಲಿ, ಇಷ್ಟಲಿಂಗದ ಬೆಳ್ಳಿ ಕರಡಿಗೆ. ಅದೇ ವಾದ್ಯದ ಅಂಚಿಗೆ ತಾಗಿ ನಡುಗುತ್ತಿತ್ತು. ಎಳೆಮಗುವಾಗಿದ್ದಾಗ ಕಟ್ಟಿದ ಲಿಂಗ, ಪೂಜೆಗೆ ಅಂಗೈಗೆ ಬಂದದ್ದು ಬಿಟ್ಟರೆ ಮೈಯಿಂದ ಅಗಲಿದ್ದಿಲ್ಲ. ತೆಗೆದಿಡಿ ಎಂದರೆ ಕಮಾನನ್ನೇ ಇಟ್ಟು ಮನೆಗೆ ಹೋಗಬೇಕು. ಅವಳು ಕಾದಳು.

ಬೊಮ್ಮಣ್ಣ ಹಾಗೆನ್ನಲಿಲ್ಲ. ತಲೆಯ ರುಮಾಲಿಗೆ ಕೈ ಹಾಕಿದವನು ಬೇಡವೆಂದು ಬಿಟ್ಟ. ಒಳಗೆ ಹೋಗಿ, ಪೆಟ್ಟಿಗೆಯಿಂದ ಇನ್ನೂ ಉಡದ ಪಂಚೆ ತಂದು ಪರ್ರನೆ ಒಂದು ಪಟ್ಟಿ ಹರಿದ.

"ಅಯ್ಯೋ, ನನ್ನ ತಮ್ಮ ತಂದಿದ್ದು ಅದು!"

"ನಿನ್ನ ತಮ್ಮ ತಂದಿದ್ದು ಇವತ್ತು ಒಂದು ಕೆಲ್ಸಕ್ಕೆ ಬಂತು." ಪಟ್ಟಿಯನ್ನು ಸರ್ವಮಂಗಳೆಯ ಮುಂದಿಟ್ಟ. "ನಾವ್ಯಾರೂ ಮುಟ್ಟಕ್ಕಿಲ್ಲ. ನೀವೇ ಸುತ್ತಿ, ಬಲಪಕ್ಕೆಗೆ ಸರ್ಸಿ ಕಟ್ಕಳಿ." ಗೋಡೆಯ ಕಡೆ ತಿರುಗಿ ನಿಂತ.

ಅವಳು ಸುತ್ತಿದಳು, ಸರಿಸಿದಳು, ಕಟ್ಟಿದಳು. ಕಮಾನು ಎತ್ತಿದಳು.

ಗಿರ್ರೆಂಬ ಸದ್ದಿಲ್ಲ. ಸ್ವರ ಒಂದೇ ಎದ್ದಿತು. ಪಕ್ಕೆಲುಬಿಗೆ ಹತ್ತಿ, ಅಂಗಾಲಿಗೆ ಇಳಿದು, ಬಾಗಿಲವರೆಗೆ ಹೋಯಿತು. ಬಹಳ ದಿನಗಳಿಂದ ಅವಳ ಮೈಗೆ ಯಾವುದೂ ಹೀಗೆ ತಾಕಿರಲಿಲ್ಲ.

ಬೊಮ್ಮಣ್ಣ ಗೋಡೆಯಿಂದ ತಿರುಗಲಿಲ್ಲ.

"ಲೇ," ಎಂದ ಹೆಂಡತಿಗೆ, "ನಾಳೆ ಗಾಡಿಯವ್ನಿಗೆ ಮಜ್ಜಿಗೆ ಕೊಟ್ಟು ಕಳ್ಸು."