ಎಮ್ಮೆಗೆಂದು ಬರೆದ ಗೋಡೆ

ಕಾಲುವೆ ನೀರು ಬಂದ ಮೇಲೆ ರಂಗಂಪೇಟೆಗೆ ಟ್ರ್ಯಾಕ್ಟರ್‌ಗಳೂ ಬಂದವು. ಓಣಿಯ ತಿರುವಿನಲ್ಲಿ ದನಗಳು ನೀರು ಕುಡಿಯುವ ತೊಟ್ಟಿ. ಅಲ್ಲೇ ಒಂದು ಟ್ರ್ಯಾಕ್ಟರ್ ಲಾಲಮ್ಮನ ಎಮ್ಮೆಯ ಕರುವನ್ನು ಬಡಿದು ಕೊಂದಿತು. ಅಂದಿನಿಂದ ಎಮ್ಮೆ ತಿರುವು ಕಂಡೊಡನೆ ನಾಲ್ಕೂ ಕಾಲು ಊರಿ ನಿಂತುಬಿಡುತ್ತಿತ್ತು. ಲಾಲಮ್ಮ ಮನೆಗೇ ಕೊಡ ಹೊತ್ತು ಹೊತ್ತು ಸೊಂಟ ಹಿಡಿಸಿಕೊಂಡಳು. ಅದರ ದಾಹಕ್ಕೆ ಎಷ್ಟು ಹೊತ್ತರೂ ಸಾಲದು. ಬರುವ ಸಂತೆಗೆ ಹೊಡೆದುಕೊಂಡು ಹೋಗಿ ಮಾರುವುದೇ ಸೈ ಎಂದು ತವರಿನಿಂದ ಬಂದಿದ್ದ ಅವಳ ಅಣ್ಣ ಹೇಳಿ ಹೋಗಿದ್ದ.

ಅದೇ ಓಣಿಯ ಚಂದ್ರಾಮಪ್ಪ ಕಾಲುವೆಯ ತೂಬುಗಳಿಗೆ ನಂಬರು ಬರೆಯುವ ಪೇಂಟರ್.

"ತೊಟ್ಟಿ ಹಿಂದಿನ ಗ್ವಾಡಿ ಮ್ಯಾಲ ಚಿತ್ರ ಬರೀತೀನಿ ತಂಗಿ. ಅದನ್ನ ನೋಡೂ ಸಲುವಾಗಿ ಡ್ರೈವರ್ ಗಾಡಿ ಸಾವಕಾಶ ಮಾಡ್ತಾನ," ಎಂದ.

ಮೂರು ದಿನ ಬರೆದ. ಬೇವಿನ ನೆರಳು, ನೆರಳಲ್ಲಿ ಮಲಗಿದ ಎಮ್ಮೆಗಳು, ಕರುಗಳು, ಬೆನ್ನ ಮೇಲೊಂದು ಬೆಳ್ಳಕ್ಕಿ. ಟ್ರ್ಯಾಕ್ಟರ್‌ಗಳು ನಿಜಕ್ಕೂ ನಿಧಾನವಾದವು. ಮುದುಕರು ಬಂದು ಎದುರಿನ ಕಟ್ಟೆಯ ಮೇಲೆ ಕೂತರು. ಆದರೆ ಲಾಲಮ್ಮನ ಎಮ್ಮೆ ದೂರದಿಂದಲೇ ಒಮ್ಮೆ ಮೂಸಿ, ಹಗ್ಗ ಕಿತ್ತುಕೊಂಡು ಪಕ್ಕದ ಮನೆಯ ಜೈತುನಬೀಯ ಅಂಗಳಕ್ಕೆ ನುಗ್ಗಿತು.

"ಭಲೇ ಚಂದ್ರಾಮಣ್ಣ!" ಜೈತುನಬೀ ಬಾಗಿಲಿಂದಲೇ ಕೂಗಿದಳು. "ನಿನ್ನ ಚಿತ್ರ ನೋಡಿ ಎಮ್ಮಿ ನನ್ನ ಮನಿ ಹೊಕ್ಕದ. ಇನ್ನ ಮನಷ್ಯಾರು ಎಲ್ಲಿ ಹೋಗಬೇಕು?"

"ಎಮ್ಮಿಗೆ ಚಿತ್ರ ಏನ್ ತಿಳೀತದ ಬಿಡವಾ," ಎಂದ ಚಂದ್ರಾಮಪ್ಪ. ಮುಖ ಮಾತ್ರ ಸಣ್ಣದಾಗಿತ್ತು.

ಲಾಲಮ್ಮ ಗೋಡೆಗೆ ಮೂಗು ಹಚ್ಚಿದಳು. ಎಣ್ಣೆ ಬಣ್ಣದ ಘಾಟು ಬಡಿಯಿತು.

"ಅಣ್ಣಾ, ಇದಕ್ಕ ಟ್ರ್ಯಾಕ್ಟರ್ ವಾಸನಿ ಅದ. ನೀ ಬರದದ್ದು ನಮ್ಮ ಕಣ್ಣಿಗೆ. ಅದು ನೋಡೂದು ಮೂಗಿಲೆ."

ಚಂದ್ರಾಮಪ್ಪ ತಾನೂ ಬಗ್ಗಿ ಗೋಡೆ ಮೂಸಿ ನೋಡಿದ. ಆಮೇಲೆ ಕಳೆ ಕೀಳುವ ಖುರ್ಪಿ ತಂದು, ಎಮ್ಮೆಯ ಎತ್ತರದವರೆಗಿನ ಬಣ್ಣವನ್ನೆಲ್ಲ ತಾನೇ ಕೆರೆದು ಹಾಕಿದ. ತನ್ನ ಮನೆಗೋಡೆ ಸಾರಿಸುವಂತೆಯೇ ಲಾಲಮ್ಮ ಸಗಣಿಗೆ ಕೆಮ್ಮಣ್ಣು ಕಲಸಿ ಬಳಿದಳು. ಅದರ ಮೇಲೆ ಅವನು ಸುಣ್ಣದಲ್ಲಿ ಬೆರಳು ಅದ್ದಿ ಕರುಗಳನ್ನು ಮತ್ತೆ ಬರೆದ. ಬ್ರಷ್ ಹಿಡಿದ ಕೈಗೆ ಬೆರಳು ಒಗ್ಗದೆ ಒಂದು ಕರುವಿನ ಕಿವಿ ದೊಡ್ಡದಾಯಿತು.

"ಇದೇನು ಕರುನೋ ಮೊಲನೋ?" ಎಂದು ನಕ್ಕಳು ಜೈತುನಬೀ.

ಎರಡು ದಿನ ಒಣಗಲು ಬಿಟ್ಟರು. ಮೂರನೆಯ ಸಂಜೆ ಲಾಲಮ್ಮ ಎಮ್ಮೆಯನ್ನು ಕರೆತಂದಳು. ಹಗ್ಗ ಎಳೆಯಲಿಲ್ಲ. ಮರುದಿನವೇ ಸಂತೆ.

ಎಮ್ಮೆ ನಿಂತಿತು. ಮೂತಿ ಎತ್ತಿ ಗಾಳಿ ಎಳೆದುಕೊಂಡಿತು. ಒಂದು ಹೆಜ್ಜೆ ಇಟ್ಟಿತು, ಮತ್ತೆ ನಿಂತಿತು. ಹಿಂದೆ ಟ್ರ್ಯಾಕ್ಟರ್ ಸದ್ದು ಕೇಳಿ ಲಾಲಮ್ಮ ಎಮ್ಮೆಯ ಬೆನ್ನ ಮೇಲೆ ಕೈ ಇಟ್ಟಳು. ಡ್ರೈವರ್ ಗೋಡೆಯನ್ನೂ ಎಮ್ಮೆಯನ್ನೂ ನೋಡಿದ. ಏನನಿಸಿತೋ, ಎಂಜಿನ್ ಆಫ್ ಮಾಡಿದ. ಓಣಿಯೆಲ್ಲ ಗಪ್ಪಾಯಿತು.

ಎಮ್ಮೆ ನಡೆದು ಹೋಗಿ ಗೋಡೆಗೆ ಕೆನ್ನೆ ಉಜ್ಜಿತು. ಆಮೇಲೆ ನಾಲಿಗೆ ಚಾಚಿ ದೊಡ್ಡ ಕಿವಿಯ ಆ ಕರುವನ್ನು ನೆಕ್ಕತೊಡಗಿತು. ಈಗಷ್ಟೇ ಹುಟ್ಟಿದ್ದನ್ನು ನೆಕ್ಕುವ ಹಾಗೆ, ತಲೆಯಿಂದ ಬೆನ್ನಿನವರೆಗೆ. ಸುಣ್ಣ ಕರಗಿ ಕರು ಅಳಿಸುತ್ತಾ ಬಂತು.

"ಉಪ್ಪಿನ ರುಚಿ ಹತ್ತಿರಬೇಕು," ಎಂದು ಪಿಸುಗುಟ್ಟಿದ ಚಂದ್ರಾಮಪ್ಪ.

ಎಮ್ಮೆ ತೊಟ್ಟಿಗೆ ಬಾಗಿತು. ಅದರ ಗಂಟಲಲ್ಲಿ ಗುಟುಕು ಗುಟುಕಾಗಿ ನೀರು ಇಳಿಯುವುದನ್ನು ಇಡೀ ಓಣಿ ಉಸಿರು ಹಿಡಿದು ಕೇಳಿತು.