ಮಗ್ಗದ ಸದ್ದಿನಲ್ಲಿ ಸವೆದ ಮಾತು

ಮಾನಪ್ಪ ಲಿಂಗೈಕ್ಯನಾದ ಸುದ್ದಿ ಗೆಳೆಯ ಶಂಕರೆಪ್ಪನನ್ನು ಮುಟ್ಟಿದ್ದು ಮರಾಠಿ ಸೀಮೆಯ ಕಲ್ಯಾಣದ ಪಕ್ಕದ ಶಹಾಡ್ ಸ್ಟೇಷನ್ನಿನಲ್ಲಿ, ಎಂಬತ್ತನಾಲ್ಕರ ಶ್ರಾವಣದ ಒಂದು ಬೆಳಿಗ್ಗೆ. ಹಿಂದೆ ಇಬ್ಬರ ಜೊತೆಗೂ ದುಡಿದಿದ್ದ ಚಂದ್ರಬಾಯಿ ಆಚೆ ಪ್ಲಾಟ್‌ಫಾರ್ಮಿನ ಮೇಲೆ ನಿಂತು, ಇಂಜಿನ್ನಿನ ಕೂಗಿನ ನಡುವೆ, ಬರೀ ತುಟಿಗಳಿಂದ, ತಮ್ಮ ಕಾರ್ಖಾನೆಯ ಭಾಷೆಯಲ್ಲಿ ಅದನ್ನು ಹೇಳಿದಳು. ಸುತ್ತಲಿನವರಿಗೆ ಏನೂ ತಿಳಿಯಲಿಲ್ಲ. ಶಂಕರೆಪ್ಪ ಅವಳಿದ್ದ ಕಡೆಗೆ ಓಡಿದ.

ಆ ಭಾಷೆಯನ್ನು ಕಟ್ಟಿದವನೇ ಮಾನಪ್ಪ. ಎಪ್ಪತ್ತೆರಡರಲ್ಲಿ ಕಲ್ಯಾಣದ ಮಗ್ಗದ ಕಾರ್ಖಾನೆಯೊಂದರಲ್ಲಿ ಕನ್ನಡದವರು, ಮರಾಠಿಯವರು, ತೆಲುಗರು ಒಟ್ಟಿಗಿದ್ದರು. ಮಗ್ಗಗಳ ಅಬ್ಬರದಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ, ತುಟಿ ನೋಡಿಯೇ ತಿಳಿಯಬೇಕಿತ್ತು. ಯಾರದೂ ಅಲ್ಲದ ಶಬ್ದಗಳನ್ನು ಮಾನಪ್ಪ ಎಲ್ಲರಿಗಾಗಿ ಹುಟ್ಟಿಸಿದ. ನೀರಿಗೆ ‘ಗಾಮೊ’ ಎಂದ. ಆದರೆ ಗಂಟಲಿನ ‘ಗ’ ದೂರದವರ ಕಣ್ಣಿಗೆ ಬೀಳದು. ವರ್ಷ ತುಂಬುವುದರೊಳಗೆ ಅದು ತುಟಿಗೆ ಬಂದು ‘ಬಾಮೊ’ ಆಯಿತು. ಗಂಟಲಿನ ಸದ್ದುಗಳೆಲ್ಲ ಹೀಗೆಯೇ ಒಂದೊಂದಾಗಿ ತುಟಿಗೆ ಬಂದವು. ಆಮೇಲೆ ದವಡೆಯಲ್ಲಿ ತಂಬಾಕು ಇಟ್ಟವರು ಬಾಯಿ ಅಗಲಿಸಲಾರದೆ ‘ಬೋಮೊ’ ಅಂದರು. ಶಂಕರೆಪ್ಪ ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, “ನಿನ್ನ ಭಾಷಿ ಕೆಟ್ಟು ಹೋತಲ್ಲೋ” ಎಂದು ಕಾಡುತ್ತಿದ್ದ.

“ಕೆಟ್ಟಿಲ್ಲಪಾ, ನಡಿಯಾಕ ಕಲ್ತೈತಿ” ಎಂದು ಮಾನಪ್ಪ ನಗುತ್ತಿದ್ದ.

ಕಾರ್ಖಾನೆ ಮುಚ್ಚುವಷ್ಟರಲ್ಲಿ ಮಾನಪ್ಪನ ಕಿವಿ ಪೂರ್ತಿ ಹೋಗಿತ್ತು. ಕೊನೆಯ ಎರಡು ವರ್ಷ ಅವನೊಳಗೆ ಇಳಿದ ಮಾತೆಂದರೆ ತುಟಿ ನೋಡಿ ತಿಳಿಯುವ ಆ ಭಾಷೆಯೊಂದೇ.

ಸುದ್ದಿ ಬಂದ ದಿನ ಮಧ್ಯಾಹ್ನ ಕಲ್ಯಾಣದ ರುದ್ರಭೂಮಿಯಲ್ಲಿ ಮಾನಪ್ಪನನ್ನು ಸಮಾಧಿಯೊಳಗೆ ಕೂರಿಸಿದ್ದರು. ಹಣೆಯ ತುಂಬ ವಿಭೂತಿ. ಒಬ್ಬೊಬ್ಬರೂ ಪತ್ರಿ ಏರಿಸಿ ಸರಿದರು. ಶಂಕರೆಪ್ಪ ಮಾತ್ರ ಗುಂಡಿಯ ಅಂಚಿನಲ್ಲಿ ಮಂಡಿಯೂರಿ, ಗೆಳೆಯನ ಮುಖಕ್ಕೆ ಎದುರಾಗಿ ಬಾಯಿ ತೆರೆದ.

ನೌಪಾಡಾ ಪೇಟೆಯಲ್ಲಿ ಬಟ್ಟೆಯಂಗಡಿ ಇಟ್ಟಿದ್ದ ಮಾನಪ್ಪನ ಅಣ್ಣ ಚನ್ನಪ್ಪ ಅವನ ರಟ್ಟೆ ಹಿಡಿದ. “ಶಂಕರೆಪ್ಪಾ, ಆ ಹುಚ್ಚರ ಭಾಷಿ ಇಲ್ಲಿ ಬ್ಯಾಡ. ನಮ್ಮ ಬಿಲ್ಡಿಂಗ್ ಸೊಸೈಟಿ ಮಂದಿ ಬಂದಾರ, ನಗ್ತಾರ. ಕನ್ನಡದಾಗ ಹೇಳು, ಇಲ್ಲಾ ಸುಮ್ನ ಏಳು.”

“ಕನ್ನಡದಾಗ ಹೇಳಿದ್ರ ಅವಂಗ ಮುಟ್ಟೂದಿಲ್ಲಣ್ಣಾ.”

“ಸತ್ತವಗ ಏನ್ ಮುಟ್ತೈತೋ? ದೇವರಿಗೆ ಮುಟ್ಟಬೇಕು. ದೇವರಿಗೆ ಈ ಬೊಬೊ ತಿಳಿತೈತೇನು?”

ಶಂಕರೆಪ್ಪ ತಿರುಗಿದ. “ಹಳೇ ಮಂದಿ ಪಾಲು ಅಂತಿದ್ರು, ನಾವು ಹಾಲು ಅಂತೀವಿ. ಅಭಿಷೇಕ ನಿಂತೈತೇನ್ರಿ? ಪಾ ಹೋಗಿ ಹಾ ಆದದ್ದು ತಿಳಿದ ಶಿವಗ, ಗಾ ಹೋಗಿ ಬಾ ಆದದ್ದು ತಿಳಿಯೂದಿಲ್ಲೇನು? ಎರಡು ವರ್ಷದಾಗ ತಮ್ಮನ ಕೂಡ ಒಂದ್ ಮಾತರ ಆಡೀರೇನು ನೀವು? ಕೈ ಬಿಡ್ರಿ.”

ಚನ್ನಪ್ಪ ಬಿಡಲಿಲ್ಲ. ಸಲಿಕೆ ಹಿಡಿದವನಿಗೆ ಕಣ್ಸನ್ನೆ ಮಾಡಿದ. ಶಂಕರೆಪ್ಪ ಕೊಸರಿಕೊಂಡು, ಎರಡೂ ಕೈಗಳನ್ನು ಗುಂಡಿಯ ಮೇಲೆ ಚಾಚಿದ. “ಮಣ್ಣ ಹಾಕೂದಾದ್ರ ನನ್ನ ಮ್ಯಾಲ ಹಾಕು!”

ಸಲಿಕೆ ನಿಂತಿತು. ಕ್ರಿಯೆ ನಡೆಸುತ್ತಿದ್ದ ಅಯ್ಯನವರು ಚನ್ನಪ್ಪನ ಕಡೆ ನೋಡದೆ, ಶಂಕರೆಪ್ಪನಿಗೆ “ಮುಗಸಪಾ” ಎಂದಷ್ಟೇ ಅಂದರು.

ನೋಟ್‌ಬುಕ್ಕಿನ ಮೊದಲ ಪುಟದ ‘ಗಾಮೊ’ದಂಥ ಚೊಕ್ಕ ಶಬ್ದಗಳು ಶಂಕರೆಪ್ಪನಿಗೆ ನೆನಪಾದವು. ಅವನ್ನು ಅವನು ಮುಟ್ಟಲಿಲ್ಲ. ಮೊನ್ನೆಯವರೆಗೆ ಇಬ್ಬರ ಬಾಯಲ್ಲಿ ಸವೆದು ಉಳಿದಿದ್ದ ಮಾತನ್ನೇ, ಸೊಸೈಟಿಯ ಮಂದಿಗೆಲ್ಲ ಕೇಳುವಂತೆ, ಎತ್ತರದ ದನಿಯಲ್ಲಿ ಹೇಳಿದ. ಕನ್ನಡದಲ್ಲಿ ಅದರ ಅರ್ಥ ಇಷ್ಟು:

“ಶಿವನೇ, ಇವನಿಗೆ ಕಿವಿ ಕೇಳದು, ಎದುರಿಗೆ ಬಂದು ಮಾತಾಡಿಸು. ದುಡಿದು ದಣಿದವನು, ನಿನ್ನ ಪಾದದ ಹತ್ತಿರ ಜಾಗ ಕೊಡು. ನನ್ನ ಮಾನಪ್ಪನ ಆತ್ಮಕ್ಕೆ ಶಾಂತಿ ಕೊಡು, ತಂದೆ.”