ಸೇತುವೆ ಮೇಲಿನ ಸದ್ದು

ವಳಕಮದಿನ್ನಿಯ ಪಂಪಾಪತಿಯ ಬಳಿ ಅವನ ಅಪ್ಪನ ಕಾಲದ ಬಿಳಿ ಕಾರಿತ್ತು. ಏರು ಬಂದರೆ ಸಾಕು, ಹೊಗೆ ಕಾರಿ ನಿಂತುಬಿಡುತ್ತಿತ್ತು.

ಮಸ್ಕಿಯ ಮೇಸ್ತ್ರಿ ಎಂಜಿನ್ ಬಿಚ್ಚಿ ನೋಡಿದ. "ಇದು ಇನ್ನ ಗಾಡಿ ಎಳೆಯಂಗಿಲ್ರಿ. ಬೇಕಾದ್ರ ನೀರು ಎತ್ತತೈತಿ," ಅಂದ.

ಕಾರಿಗೆ ಬೇರೆ ಎಂಜಿನ್ ಕೂಡಿಸಲಾಯಿತು. ಹಳೆಯದನ್ನು ಊರಿನ ನರಸಣ್ಣ ಒಯ್ದು, ಕಾಲುವೆ ಸೇತುವೆಯ ಪಕ್ಕದ ತನ್ನ ಗದ್ದೆಗೆ ನೀರೆತ್ತಲು ಇಟ್ಟುಕೊಂಡ.

ಪಂಪಾಪತಿಯ ಹೆಂಡತಿ ಸಂಗಮ್ಮ ಗಂಡನ ದಾರಿ ಕಾದವಳೇ ಅಲ್ಲ. ಸೇತುವೆ ಮೇಲೆ ಕಾರಿನ ಸದ್ದು ಕೇಳಿದೊಡನೆ ಹೆಂಚು ಒಲೆಗೇರಿಸುವಳು. ಅವನು ಕೈಕಾಲು ತೊಳೆಯುವಷ್ಟರಲ್ಲಿ ಗಂಗಾಳದಲ್ಲಿ ಬಿಸಿ ರೊಟ್ಟಿ ಇರುತ್ತಿತ್ತು.

ಹೊಸ ಎಂಜಿನ್ನಿನ ಕಾರು ಸದ್ದಿಲ್ಲದೆ ಬಂದು ಅಂಗಳದಲ್ಲಿ ನಿಂತ ದಿನ ಪಂಪಾಪತಿ ಗೆದ್ದವನಂತೆ ಊಟಕ್ಕೆ ಕುಳಿತ. ರೊಟ್ಟಿ ಮುರಿದರೆ ತಣ್ಣಗಿತ್ತು.

"ಇವೇನು ಆರಿ ಹೋಗ್ಯಾವಲ್ಲ?"

"ನಿಮ್ಮ ಗಾಡಿ ಸೇತುವಿಗೆ ಬಂದು ತಾಸಾತು. ಇಷ್ಟೊತ್ತನ ಅಲ್ಲೇನು ಮಾಡಾಕತ್ತಿದ್ರಿ?"

ಪಂಪಾಪತಿ ಕಿವಿಗೊಟ್ಟ. ಕಾಲುವೆ ಕಡೆ ಹಳೆ ಎಂಜಿನ್ ಇನ್ನೂ ಓಡುತ್ತಿತ್ತು. ನಡೆದದ್ದನ್ನು ಹೆಂಡತಿಗೆ ಹೇಳಿದ.

ಸಂಗಮ್ಮ ಹೆಂಚು ಮತ್ತೆ ಏರಿಸಿದಳು. "ನಾಳಿಂದ ಸೇತುವಿ ಮ್ಯಾಲೆ ಹಾರ್ನ್ ಹೊಡೀರಿ. ಇಲ್ಲಂದ್ರ ಬಿಸಿ ರೊಟ್ಟಿ ನರಸಣ್ಣಗ ಕಳಸ್ತೀನಿ."